ಮೊಮ್ಮಗನಿಗೊಂದು ಜಾಕೆಟ್ಟು

ನಿವೃತ್ತರಾದ ಮೇಲೆ ಮಗಳ ಮನೆಗೆಂದು ಅಮೆರಿಕೆಗೆ ಹೋಗಿಬಂದವರು ಬರೆಯುವ ಲೇಖನಗಳಲ್ಲಿ ನಯಾಗರ ಜಲಪಾತ ತಪ್ಪದೆ ಇರುತ್ತದೆ. ನಾನೂ ಅದನ್ನು ನೋಡಿದ್ದೇನೆ. ನೀರು ಬಹಳವಾಗಿದೆ. ಅದಕ್ಕಿಂತ ಹೆಚ್ಚಿನದನ್ನು ಬರೆಯಲು ನನ್ನಿಂದಾಗದು. ಈ ಸಲ ಓದುಗ ಮಿತ್ರರಿಗೆ ಒಂದು ಚರ್ಮದ ಜಾಕೆಟ್ಟಿನ ವಿಷಯವನ್ನು ಹೇಳಬೇಕೆಂದಿದ್ದೇನೆ.

ಮಗಳ ಮನೆಯಿರುವುದು ಓಹಾಯೋ ರಾಜ್ಯದ ಡೇಟನ್ನಿನಲ್ಲಿ. ವಿಮಾನ ಹಾರಿಸಿದ ರೈಟ್ ಸಹೋದರರ ಊರು ಅದು. ಊರಿನ ಪಕ್ಕದಲ್ಲಿಯೇ ಅಮೆರಿಕದ ವಾಯುಪಡೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ, ಪ್ರವೇಶಕ್ಕೆ ಹಣವಿಲ್ಲ. ಮೇಷ್ಟರಾಗಿದ್ದವನಿಗೆ ಇದಕ್ಕಿಂತ ಒಳ್ಳೆಯ ಸ್ಥಳ ಬೇರೆ ಬೇಕೆ? ಹದಿನೇಳರ ಮೊಮ್ಮಗ ನನ್ನನ್ನು ಅಲ್ಲಿಗೆ ನಾಲ್ಕಾರು ಸಲ ಕರೆದುಕೊಂಡು ಹೋದ. 2018ರಿಂದ ಅಲ್ಲಿ ಪ್ರದರ್ಶನಕ್ಕಿರುವ ‘ಮೆಂಫಿಸ್ ಬೆಲ್’ ಎಂಬ ಬಿ-17 ಬಾಂಬರ್ ವಿಮಾನದ ಮುಂದೆ ನಾನು ನಿಂತಿದ್ದರೆ, ಅವನು ಗಾಜಿನ ಹಿಂದಿದ್ದ ಒಂದು ಕಂದು ಬಣ್ಣದ ಜಾಕೆಟ್ಟಿನ ಮುಂದೆ ನಿಂತಿರುತ್ತಿದ್ದ.

“ಅಜ್ಜಾ, ಇಂಥಾದ್ದು ನನಗ ಬೇಕು” ಎಂದ. ಬೇಸಿಗೆ ರಜೆಯಲ್ಲಿ ಕಿರಾಣಿ ಅಂಗಡಿಯೊಂದರಲ್ಲಿ ದುಡಿದು ಹಣವನ್ನು ಕೂಡಿಟ್ಟಿದ್ದನಂತೆ.

ಆ ಜಾಕೆಟ್ಟಿಗೆ ‘ಎ-2’ ಎಂದು ಹೆಸರು. 1927ರ ಎ-1ಕ್ಕೆ ಗುಂಡಿಗಳಿದ್ದವು, ಹೆಣೆದ ಉಣ್ಣೆಯ ಕಾಲರಿತ್ತು. 1931ರಲ್ಲಿ ಅಮೆರಿಕದ ಸೇನೆಯ ವಾಯುದಳ ಒಪ್ಪಿಕೊಂಡ ಎ-2ಕ್ಕೆ ಜಿಪ್ಪು ಬಂದಿತು, ಚರ್ಮದ ಕಾಲರು ಬಂದಿತು. ಆಶ್ಚರ್ಯದ ಸಂಗತಿಯೆಂದರೆ ದಾಖಲೆಗಳಲ್ಲಿ ಇದು ಬೇಸಿಗೆಯ ಉಡುಪು! ಆಗಿನ ಬಾಂಬರುಗಳು ಏರುತ್ತಿದ್ದ ಎತ್ತರದಲ್ಲಿ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿ. ಅದಕ್ಕೆ ಕುರಿಯ ಉಣ್ಣೆಸಮೇತ ಹದಮಾಡಿದ ಬಿ-3 ಎಂಬ ದಪ್ಪ ಅಂಗಿ ಬೇರೆ ಇತ್ತು. ಎ-2 ಗಾಳಿಯನ್ನು ತಡೆಯುವ ತೆಳುವಾದ ಕವಚ, ಅಷ್ಟೆ. ಆದರೂ ಆ ಹುಡುಗರು ಅದನ್ನು ಪ್ರಾಣದಂತೆ ಪ್ರೀತಿಸಿದರು. ಬೆನ್ನ ಮೇಲೆ ತಮ್ಮ ವಿಮಾನದ ಹೆಸರನ್ನೂ ಚಿತ್ರವನ್ನೂ ಬರೆಯಿಸಿಕೊಂಡರು; ಮುಗಿಸಿದ ಪ್ರತಿಯೊಂದು ಹಾರಾಟಕ್ಕೆ ಒಂದೊಂದು ಪುಟ್ಟ ಬಾಂಬಿನ ಚಿತ್ರ. ಕೆಲವು ಬೆನ್ನುಗಳಲ್ಲಿ ಮೂರೋ ನಾಲ್ಕೋ ಬಾಂಬುಗಳಾದ ಮೇಲೆ ಸಾಲು ನಿಂತುಬಿಡುತ್ತದೆ. ಆ ಹುಡುಗ ಮನೆಗೆ ಹೋದನೋ ಇಲ್ಲವೋ ಎಂಬುದನ್ನು ಜಾಕೆಟ್ಟು ಹೇಳುವುದಿಲ್ಲ.

1943ರಲ್ಲಿ ಚರ್ಮದ ಬದಲಿಗೆ ಬಟ್ಟೆಯ ಜಾಕೆಟ್ಟು ಬಂದಿತು. 1988ರಲ್ಲಿ ಅಮೆರಿಕದ ವಾಯುಪಡೆ ಎ-2ವನ್ನು ಮತ್ತೆ ತಂದಿತು, ಈ ಸಲ ಮೇಕೆಯ ಚರ್ಮದಲ್ಲಿ. 1986ರ ‘ಟಾಪ್ ಗನ್’ ಚಲನಚಿತ್ರದಲ್ಲಿ ನಾಯಕ ತೊಟ್ಟಿದ್ದುದು ನೌಕಾಪಡೆಯ ಜಿ-1. ತುಪ್ಪಳದ ಕಾಲರು ಇರುವಂಥದು. ಎರಡನ್ನೂ ಒಂದೇ ಎಂದು ತಿಳಿಯುವವರು ಅಂಗಡಿಯವರಲ್ಲಿಯೂ ಇದ್ದಾರೆ.

ನಮ್ಮ ನಾಡಿಗೂ ಇದಕ್ಕೂ ಒಂದು ನಂಟಿದೆ. 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕನ್ನರ ಕೈಗೆ ಬಂದು, ಯುದ್ಧ ಮುಗಿಯುವವರೆಗೆ ಅವರ ವಿಮಾನಗಳ ದುರಸ್ತಿಯ ಕೇಂದ್ರವಾಗಿತ್ತು. ಚೀನಾ–ಬರ್ಮಾ–ಭಾರತ ರಣರಂಗದಲ್ಲಿದ್ದ ವೈಮಾನಿಕರ ಜಾಕೆಟ್ಟುಗಳ ಮೇಲಿನ ಲಾಂಛನಗಳನ್ನು ಅನೇಕ ವೇಳೆ ಸ್ಥಳೀಯ ಕಸುಬುದಾರರೇ ಬಣ್ಣಬಣ್ಣದ ಚರ್ಮದ ತುಂಡುಗಳಿಂದ ಕೈಯಾರೆ ಹೊಲಿದುಕೊಡುತ್ತಿದ್ದರು. ಅವರ ಹೆಸರು ಯಾವ ಗಾಜಿನ ಹಿಂದೆಯೂ ಇಲ್ಲ.

ಅದಿರಲಿ. ಮೊದಲು ಹೋದುದು ಒಂದು ದೊಡ್ಡ ಮಾಲಿಗೆ. ಇನ್ನೂರು ಡಾಲರಿಗೆ ಥಳಥಳಿಸುವ ಒಂದು ಜಾಕೆಟ್ಟು. ಎದೆಯ ಮೇಲೆ ಹದ್ದು, ತೋಳಿನ ಮೇಲೆ ಧ್ವಜ. “ಅಪ್ಪಟ ಚರ್ಮ” ಎಂದು ಚೀಟಿ ಬೇರೆ. ಮೊಮ್ಮಗ ತೊಟ್ಟುಕೊಂಡು ಕನ್ನಡಿಯ ಮುಂದೆ ಅರಳಿ ನಿಂತಿದ್ದ. ನಾನು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಕೈ ತಾನಾಗಿ ಹೋಗಿ ಅವನ ಬೆನ್ನನ್ನು ಮುಟ್ಟಿತು. ಬೆನ್ನಿನಲ್ಲಿ ಮೂರು ತುಂಡುಗಳ ಜೋಡಣೆ. ಎ-2ದ ಬೆನ್ನು ಒಂದೇ ಅಖಂಡ ತುಂಡಿನದಾಗಿರಬೇಕು. ಅದು ಸೇನೆಯ ಕಟ್ಟಳೆಯಾಗಿತ್ತು. ದೊಡ್ಡ ತುಂಡು ಬೇಕೆಂದರೆ ಗಾಯವಿಲ್ಲದ ದೊಡ್ಡ ತೊಗಲು ಬೇಕು, ಅದಕ್ಕೆ ಬೆಲೆ ಹೆಚ್ಚು. ಚೂರುಗಳನ್ನು ಕೂಡಿಸಿ ಹೊಲಿಯುವುದು ಅಗ್ಗ. ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಸುಕ್ಕು ಏಳಲೇ ಇಲ್ಲ. ಅಂದರೆ ಮೇಲಿದ್ದುದು ಚರ್ಮವಲ್ಲ, ಚರ್ಮದ ಮೇಲೆ ಬಳಿದ ಬಣ್ಣದ ಪದರ. ಉಜ್ಜಿ ಸಮಮಾಡಿ, ಬಣ್ಣ ಬಳಿದು, ಮೇಲೆ ಸುಳ್ಳು ರಂಧ್ರಗಳನ್ನು ಅಚ್ಚೊತ್ತಿದ್ದರು. ಅದೂ ಚರ್ಮವೇ, ಚೀಟಿ ಸುಳ್ಳು ಹೇಳುತ್ತಿಲ್ಲ. ಆದರೆ ಎರಡು ವರ್ಷಕ್ಕೆ ಮೊಣಕೈಯ ಬಳಿ ಹಪ್ಪಳದಂತೆ ಏಳುತ್ತದೆ.

“ಬ್ಯಾಡ” ಎಂದೆ. ಹುಡುಗನ ಮುಖ ಸಣ್ಣದಾಯಿತು. ಕಾರಿನಲ್ಲಿ ಮನೆಯವರೆಗೆ ಮಾತಾಡಲಿಲ್ಲ. ಕೊನೆಗೆ, “ಅಜ್ಜಾ, ನಿಮಗ ಹ್ಯಾಂಗ ಗೊತ್ತು? ನೀವು ಕನ್ನಡಾ ಮಾಸ್ತರು” ಎಂದ. ಮುಂದೆ ಕುಳಿತಿದ್ದ ಮಗಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ನಾನು ಕಿಟಕಿಯ ಹೊರಗೆ ನೋಡಿದೆ.

ಹೇಗೆ ಗೊತ್ತೆಂದರೆ, ನಾವು ಅಥಣಿಯ ಕಡೆಯ ಸಮಗಾರರು. ಅಪ್ಪ ಚಪ್ಪಲಿ ಮಾಡುತ್ತಿದ್ದ. ಹೊರಗಿನವರು ಕೊಲ್ಹಾಪುರಿ ಎನ್ನುವ ಅದೇ ಚಪ್ಪಲಿ. (2019ರಲ್ಲಿ ಆ ಹೆಸರಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು. ಅಪ್ಪ ಅದನ್ನು ನೋಡಲು ಇರಲಿಲ್ಲ.) ಅವ್ವ ಚರ್ಮದ ಎಳೆಗಳನ್ನು ಜಡೆಯಂತೆ ಹೆಣೆಯುತ್ತಿದ್ದಳು. ಮೊಳೆಯಿಲ್ಲ, ದಾರವೂ ಇಲ್ಲ. ಚರ್ಮವನ್ನು ಚರ್ಮದ ಎಳೆಯಿಂದಲೇ ಹೊಲಿಯುವುದು.

ಸಂತೆಯ ಹಿಂದಿನ ದಿನ ಅಪ್ಪ ನನ್ನನ್ನು ಡೋರರ ಓಣಿಗೆ ಕರೆದೊಯ್ಯುತ್ತಿದ್ದ. ಚರ್ಮ ಹದಮಾಡುವವರು ಅವರು. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಚೀಲದಂತೆ ಹೊಲಿದು, ತೂಗುಹಾಕಿ, ಒಳಗೆ ಜಾಲಿಯ ತೊಗಟೆ, ಅಳಲೆಕಾಯಿಗಳ ನೀರನ್ನು ತುಂಬುತ್ತಿದ್ದರು. ನೀರು ಚರ್ಮದ ಮೂಲಕ ಹನಿಹನಿಯಾಗಿ ಸೋರಬೇಕು. ಆ ವಾಸನೆ ಶಾಲೆಯ ಅಂಗಿಗೂ ಹತ್ತುತ್ತಿತ್ತು. ಬೆಂಚಿನಲ್ಲಿ ನನ್ನ ಪಕ್ಕದ ಜಾಗ ಯಾವಾಗಲೂ ಖಾಲಿ ಇರುತ್ತಿದ್ದುದಕ್ಕೆ ಅದೊಂದೇ ಕಾರಣವಾಗಿರಲಿಲ್ಲ.

“ತಮ್ಮಾ, ತೊಗಲ ಕಣ್ಣಿಲೆ ನೋಡಬಾರದು, ಬೆರಳಿಲೆ ನೋಡಬೇಕು. ಬಣ್ಣಾ ಕಣ್ಣಿಗೆ ಮೋಸಾ ಮಾಡತೈತಿ” ಎನ್ನುತ್ತಿದ್ದ ಅಪ್ಪ. ನನ್ನ ಹೆಬ್ಬೆರಳನ್ನು ಹಿಡಿದು ಬೆನ್ನಿನ ಭಾಗದ ಮೇಲೆ ಒತ್ತಿಸುತ್ತಿದ್ದ. ಸಣ್ಣ ಸುಕ್ಕುಗಳು ಎದ್ದು ಬೆರಳು ತೆಗೆದ ಕೂಡಲೇ ಮಾಯವಾಗಬೇಕು. ಹೊಟ್ಟೆಯ ಭಾಗದ ಮೇಲೆ ಒತ್ತಿಸುತ್ತಿದ್ದ. ಅಲ್ಲಿ ಸಡಿಲ, ದೊಡ್ಡ ಸುಕ್ಕು. “ಹೊಟ್ಟಿ ಜಗ್ಗತೈತಿ, ಬೆನ್ನು ಜಗ್ಗಂಗಿಲ್ಲ.” ತೊಗಲನ್ನು ತಿರುವಿ ಮಾಂಸದ ಮಗ್ಗುಲನ್ನು ನೋಡುತ್ತಿದ್ದ. ಮಡಿಸಿ, ಮೂಸಿ, ಬೇಡವಾದರೆ ಒಂದು ಮಾತೂ ಆಡದೆ ಕೆಳಗಿಡುತ್ತಿದ್ದ.

ಇಷ್ಟೆಲ್ಲ ಕಲಿಸಿದವನನ್ನು ನಾನು ಬಿ.ಎಡ್. ಅರ್ಜಿಯಲ್ಲಿ ಹೇಗೆ ಬರೆದೆ? ‘ತಂದೆಯ ಉದ್ಯೋಗ’ ಎಂಬಲ್ಲಿ ‘ವ್ಯಾಪಾರ’ ಎಂದು ಬರೆದೆ. 1981ನೆಯ ಇಸವಿ. ಅಪ್ಪ ಪಕ್ಕದಲ್ಲಿ ಕುಳಿತು ಚಪ್ಪಲಿಯ ಅಂಚು ಕೊಯ್ಯುತ್ತಿದ್ದ. ಓದು ಬಾರದವನು, “ಏನ ಬರದಿ?” ಎಂದು ಕೇಳಿದ. ಓದಿ ಹೇಳಿದೆ. ರಂಪಿಗೆ ಒಂದು ಕ್ಷಣ ನಿಂತಿತು. “ಹೌದಲ್ಲ, ಮಾರತೀವಲ್ಲ. ಸುಳ್ಳೇನಲ್ಲ” ಎಂದು ಮತ್ತೆ ಕೊಯ್ಯತೊಡಗಿದ. ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಮೇಷ್ಟರಿಕೆ ಮಾಡಿದೆ. ಬಸವಣ್ಣನವರಿಗಾಗಿ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದ ಹರಳಯ್ಯ, ಕಲ್ಯಾಣಮ್ಮರ ಕಥೆಯನ್ನು ಎಷ್ಟು ತರಗತಿಗಳಿಗೆ ಗದ್ಗದನಾಗಿ ಹೇಳಿದ್ದೇನೋ ಲೆಕ್ಕವಿಲ್ಲ. ‘ಅವರು ನಮ್ಮವರು’ ಎಂದು ಒಂದು ತರಗತಿಗೂ ಹೇಳಲಿಲ್ಲ.

ಎರಡು ವಾರಗಳ ಮೇಲೆ ಮಗಳು ನಮ್ಮನ್ನು ಮತ್ತೊಂದು ಅಂಗಡಿಗೆ ಕರೆದೊಯ್ದಳು. ಹಳೆಯ ಸೈನಿಕ ಉಡುಪುಗಳನ್ನೂ ಅವುಗಳ ಪಡಿಯಚ್ಚುಗಳನ್ನೂ ಮಾರುವ ಪುಟ್ಟ ಅಂಗಡಿ. ಮಾಲೀಕ ನನ್ನ ವಯಸ್ಸಿನವನು, ಮಾತು ಕಡಿಮೆ. ಮೂರು ಎ-2ಗಳನ್ನು ಮೇಜಿನ ಮೇಲೆ ಹರಡಿದ: ಕುದುರೆ, ಮೇಕೆ, ಹಸು. ಯುದ್ಧಕಾಲದ ಎ-2ಗಳಲ್ಲಿ ಹೆಚ್ಚಿನವು ಕುದುರೆಯವು. ಅಮೆರಿಕದ ಹೊಲಗಳಲ್ಲಿ ಇನ್ನೂ ಲಕ್ಷಾಂತರ ಕುದುರೆಗಳು ದುಡಿಯುತ್ತಿದ್ದ ಕಾಲವದು. ಕುದುರೆಯ ಚರ್ಮ ನುಣುಪು, ಬಿಗಿ. ಮೊದಲ ವರ್ಷ ಹಲಗೆಯನ್ನು ತೊಟ್ಟಂತಿರುತ್ತದೆ, ಆಮೇಲೆ ಮಡಿಕೆಗಳಲ್ಲಿ ಹೊಳಪು ಬರುತ್ತದೆ. ಮೇಕೆಯದು ಹರಳುಹರಳಾದ ಮೇಲ್ಮೈ, ತೆಳುವಾಗಿದ್ದರೂ ಗಟ್ಟಿ. ಒಂದು ಮಿಲಿಮೀಟರಿನಷ್ಟು ದಪ್ಪವಿದ್ದರೆ ಜಾಕೆಟ್ಟಿಗೆ ಸಾಕು. ದಪ್ಪವಾದಷ್ಟೂ ಒಳ್ಳೆಯದೆಂಬುದು ಕೊಳ್ಳುವವರ ಭ್ರಮೆ.

ನಾನು ಮೊದಲು ನೋಡಿದ್ದು ಹೊಲಿಗೆಯನ್ನು. ಬಟ್ಟೆಯಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಿ ಹೊಲಿಯಬಹುದು. ಚರ್ಮಕ್ಕೆ ಬಿದ್ದ ತೂತು ಮುಚ್ಚುವುದಿಲ್ಲ. ಒತ್ತೊತ್ತಾಗಿ ಹೊಲಿದರೆ ಅಂಚೆಚೀಟಿಯ ಹಾಳೆಯಂತೆ ಆ ಗೆರೆಯಲ್ಲಿಯೇ ಹರಿಯುತ್ತದೆ. ಅಂಗುಲಕ್ಕೆ ಎಂಟು-ಹತ್ತು ಹೊಲಿಗೆ, ನೇರವಾಗಿ, ಪಕ್ಕದಲ್ಲಿ ತಪ್ಪಿದ ತೂತುಗಳಿಲ್ಲದೆ. ಆಮೇಲೆ ಕಂಕುಳು. ಕೆಟ್ಟ ಹೊಲಿಗೆಯವರು ಹೊಟ್ಟೆಯ ಭಾಗದ ಸಡಿಲ ತುಂಡುಗಳನ್ನು ಯಾರೂ ನೋಡದಲ್ಲಿ ಹಾಕುತ್ತಾರೆ. ಅಲ್ಲಿ ಸ್ವಲ್ಪ ಸಡಿಲವಿದ್ದರೆ ಕ್ಷಮಿಸಬಹುದು, ಎದೆಯ ಮೇಲೆ ಕೂಡದು. ಹಸುವಿನ ಚರ್ಮದ್ದರ ಎಡ ಎದೆಯಲ್ಲಿ ದೊಡ್ಡ ಸುಕ್ಕು ಎದ್ದಿತು. ಕೆಳಗಿಟ್ಟೆ. ಜಿಪ್ಪು ಲೋಹದ್ದೇ, ಸೊಂಟ ಮತ್ತು ತೋಳಿನ ತುದಿಯ ಪಟ್ಟಿಗಳು ಉಣ್ಣೆಯವೇ, ಅಸ್ತರು ಹತ್ತಿಯದೇ, ಜೇಬಿನ ಮುಚ್ಚಳಕ್ಕೆ ಟಿಚ್ ಬಟನ್ ಇದೆಯೇ ಎಂದು ನೋಡಿದೆ. ಪಕ್ಕದಿಂದ ಕೈ ತೂರಿಸುವ ಜೇಬು ಮೂಲದ ಎ-2ಕ್ಕೆ ಇರಲಿಲ್ಲ. ಇದಕ್ಕೂ ಇಲ್ಲವೆಂದು ತಿಳಿದು ಮೊಮ್ಮಗನಿಗೆ ಕೊಂಚ ನಿರಾಶೆಯಾಯಿತು.

ಅವನಿಗೆ ಒಂದು ಅಳತೆ ದೊಡ್ಡದು ಬೇಕಾಗಿತ್ತು. ಈಗಿನ ಹುಡುಗರಿಗೆ ಎಲ್ಲವೂ ಜೋತಾಡಬೇಕು. ವಿಮಾನದ ಇಕ್ಕಟ್ಟಿನಲ್ಲಿ ಕುಳಿತವನಿಗೆಂದು ಕತ್ತರಿಸಿದ ಅಂಗಿ ಸೊಂಟಕ್ಕೇ ನಿಲ್ಲಬೇಕು. “ಕೈ ಎತ್ತು” ಎಂದೆ. ಎತ್ತಿದ. ಸರಿಯಾದ ಅಳತೆಯದರಲ್ಲಿ ಸೊಂಟದ ಪಟ್ಟಿ ಹೆಚ್ಚು ಕದಲಲಿಲ್ಲ. ದೊಡ್ಡದರಲ್ಲಿ ಇಡೀ ಜಾಕೆಟ್ಟೇ ಮೇಲಕ್ಕೇರಿತು. ಅವನೇ ನಕ್ಕು ಒಪ್ಪಿಕೊಂಡ.

ಉಳಿದದ್ದು ಕುದುರೆಯೋ ಮೇಕೆಯೋ ಎಂಬುದು. ಕಣ್ಣುಮುಚ್ಚಿ ಎರಡರ ಬೆನ್ನಿಗೂ ಹೆಬ್ಬೆರಳೊತ್ತಿದೆ. ಮೇಕೆಯದರಲ್ಲಿ ಸಣ್ಣ ಸುಕ್ಕುಗಳು ಎದ್ದು ಮಾಯವಾದವು. ಕಾಲರನ್ನು ತಿರುವಿ ಮೂಸಿದೆ. ತೊಗಟೆಯ ವಾಸನೆ. ಈಗ ಬಹುಪಾಲು ಚರ್ಮವನ್ನು ಕ್ರೋಮಿಯಂ ಲವಣದಿಂದ ಹದಮಾಡುತ್ತಾರೆ. ಅದು ಬೇಗ ಆಗುತ್ತದೆ, ಮೃದುವಾಗಿಯೂ ಇರುತ್ತದೆ, ಕೆಟ್ಟದ್ದೇನಲ್ಲ. ಆದರೆ ಆ ವಾಸನೆ ಬರುವುದಿಲ್ಲ. ಜಾಲಿಯಲ್ಲ, ಬೇರಾವುದೋ ಮರ. ಆದರೂ ನನಗೆ ಒಂದು ಗಳಿಗೆ ಕಣ್ಣು ತೆರೆಯಲಾಗಲಿಲ್ಲ.

ಮಾಲೀಕ ನನ್ನ ಕೈಯನ್ನೇ ನೋಡುತ್ತಿದ್ದನೆಂದು ತೋರುತ್ತದೆ. “ನೀವು ಈ ಕಸುಬಿನವರೇ?” ಎಂದು ಇಂಗ್ಲಿಷಿನಲ್ಲಿ ಕೇಳಿದ. ಮಗಳು ಉತ್ತರಿಸಲು ಬಾಯಿ ತೆರೆದು ಸುಮ್ಮನಾದಳು.

“ನಾನು ಮೇಷ್ಟರು. ನನ್ನ ತಂದೆ ಚಪ್ಪಲಿ ಮಾಡುತ್ತಿದ್ದರು. ನಮ್ಮ ಜಾತಿಯ ಕಸುಬು ಅದು” ಎಂದೆ. ಅರವತ್ತೇಳರ ವಯಸ್ಸಿನಲ್ಲಿ, ಪರದೇಶದಲ್ಲಿ, ಪರಭಾಷೆಯಲ್ಲಿ, ಪರಿಚಯವಿಲ್ಲದವನ ಮುಂದೆ. ಊರಿನಲ್ಲಿ ಇಷ್ಟು ಸುಲಭವಾಗಿ ಬಾಯಿಗೆ ಬರುತ್ತಿತ್ತೇ? ಆತ ತಲೆಯಾಡಿಸಿ, ಕುದುರೆಯ ಜಾಕೆಟ್ಟನ್ನು ಮಡಿಸಿ ಒಳಗಿಟ್ಟ. ಮೊಮ್ಮಗ ಮಾತ್ರ ಜಾಕೆಟ್ಟನ್ನು ಬಿಟ್ಟು ನನ್ನನ್ನು ನೋಡುತ್ತಿದ್ದ.

ಬೆಲೆ ಒಂಬೈನೂರ ಐವತ್ತು ಡಾಲರು. ಅವನ ದುಡಿಮೆಯ ಹಣ ಅರ್ಧ, ನನ್ನ ಪಿಂಚಣಿಯ ಉಳಿತಾಯ ಅರ್ಧ. ಒಂದು ಅಂಗಿಗೆ ಇಷ್ಟು ಹಣ ಕೊಟ್ಟೆನೆಂದರೆ ಅಪ್ಪ ನಂಬುತ್ತಿರಲಿಲ್ಲ. ಹೊಲಿಗೆಯನ್ನು ನೋಡಿದ ಮೇಲೆ ನಂಬುತ್ತಿದ್ದನೇನೋ.

ಆ ರಾತ್ರಿ ಊಟವಾದ ಮೇಲೂ ಹುಡುಗ ಜಾಕೆಟ್ಟು ಬಿಚ್ಚಲಿಲ್ಲ. ನನ್ನ ಕೋಣೆಗೆ ಬಂದು ಹಾಸಿಗೆಯ ಅಂಚಿನಲ್ಲಿ ಕುಳಿತು, ಮುತ್ತಜ್ಜ ಚರ್ಮವನ್ನು ಯಾವುದರಿಂದ ಕೊಯ್ಯುತ್ತಿದ್ದ ಎಂದು ಕೇಳಿದ. ಕಾಗದದ ಮೇಲೆ ರಂಪಿಗೆಯನ್ನು ಬರೆದು ತೋರಿಸಿದೆ. ಸರಿಯಾಗಿ ಬರಲಿಲ್ಲ, ಚಿತ್ರಕಲೆ ನನಗೆ ಎಂದೂ ಒಲಿದದ್ದಲ್ಲ. “ಅದು ಈಗ ಎಲ್ಲೈತಿ?” ಎಂದ.

ಊರಿನಲ್ಲಿ ಆಗ ಬೆಳಗಾಗಿತ್ತು. ತಮ್ಮನಿಗೆ ಫೋನು ಹಚ್ಚಿದೆ. ಅಟ್ಟದ ಮೇಲೆ ಹುಡುಕಿ, ಹತ್ತು ನಿಮಿಷ ಬಿಟ್ಟು ಅವನೇ ಮಾಡಿದ. ಸಿಕ್ಕಿದೆ, ಹಿಡಿ ಗಟ್ಟಿಯಾಗಿದೆ, ಅಲಗಿಗೆ ತುಕ್ಕು ಹಿಡಿದಿದೆ ಎಂದ. ಕೊಬ್ಬರಿ ಎಣ್ಣೆ ಹಚ್ಚಿ ಅರಿವೆಯಲ್ಲಿ ಸುತ್ತಿಡು, ಡಿಸೆಂಬರಿನಲ್ಲಿ ಹುಡುಗ ಬರುತ್ತಾನಂತೆ ಎಂದೆ.