ಅಳತೆಗೆ ತಕ್ಕ ಸೈಕಲ್

ಶಾಲೆ ತೆರೆಯುವ ಮುಂಚೆ ದರ್ಜಿಯ ಮುಂದೆ ನಿಂತ ತಂದೆ ತಾಯಂದಿರ ಮಾತು ಒಂದೇ: ‘ಸ್ವಲ್ಪ ದೊಡ್ಡದೇ ಇರಲಿ, ಬೆಳೆಯುವ ಮಕ್ಕಳು.’ ಸಮವಸ್ತ್ರಕ್ಕೆ ಈ ಲೆಕ್ಕ ಸರಿ. ಅಂಚು ಮಡಿಚಿ ಹೊಲಿದರಾಯಿತು. ಸೈಕಲ್ಲಿಗೆ ಅಂಥ ಮಡಿಕೆ ಹಾಕಲು ಬರುವುದಿಲ್ಲ.

ಸೈಕಲ್ ಪಟುಗಳಿಗೆ ಹೆಸರಾದ ವಿಜಯಪುರದ ಅಂಗಡಿಯೊಂದರಲ್ಲಿ ಅಪ್ಪ ಮಗಳ ನಡುವೆ ಈ ಮಾತೇ ಬಂತು. ಮಗಳು ಪಿಯುಸಿ ಮೊದಲ ವರ್ಷ. ಗೆಳತಿಯರೊಂದಿಗೆ ಬೆಳಗಿನ ಅಭ್ಯಾಸಕ್ಕೆ ಹೋಗುವ ಹಂಬಲ. ಅದಕ್ಕೆ ಬಾಗಿದ ಹ್ಯಾಂಡಲಿನ ರೇಸ್ ಸೈಕಲ್ಲೇ ಬೇಕು. ಗುಮಾಸ್ತ ಅಪ್ಪ ಕೂಡಿಟ್ಟದ್ದು 20 ಸಾವಿರ ರೂಪಾಯಿ. ಅಂಗಡಿಯವರು ಎರಡು ಸೈಕಲ್ ತೋರಿಸಿದರು. ಒಂದಕ್ಕೆ 21 ಗೇರು, ರಿಯಾಯಿತಿ ಕಳೆದು 19 ಸಾವಿರ. ಇನ್ನೊಂದಕ್ಕೆ 14 ಗೇರು, 23 ಸಾವಿರ. ಗೇರು ಹೆಚ್ಚು, ಬೆಲೆ ಕಡಿಮೆ! ಅಪ್ಪನ ಮನಸ್ಸು ಮೊದಲನೆಯದರ ಕಡೆ ವಾಲಿತು.

ಮಗಳು ಕುಕ್ಕರಗಾಲಲ್ಲಿ ಕೂತು ಹಲ್ಲು ಎಣಿಸಿದಳು. ಮುಂದೆ 48, 38, 28 ಹಲ್ಲಿನ ಮೂರು ಚಕ್ರ. ಹಿಂದೆ 14ರಿಂದ 28ರವರೆಗೆ ಏಳು. ಮೂರೇಳು ಇಪ್ಪತ್ತೊಂದು, ನಿಜ. ಆದರೆ 48ನ್ನು 24ರಿಂದ ಭಾಗಿಸಿದರೂ 2, 28ನ್ನು 14ರಿಂದ ಭಾಗಿಸಿದರೂ 2. ಎರಡರಲ್ಲೂ ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿ ಎರಡು ಸುತ್ತು, ಸುಮಾರು 4.2 ಮೀಟರ್ ದಾರಿ. ಹೆಸರಿಗೆ ಎರಡು ಗೇರು, ಕೆಲಸಕ್ಕೆ ಒಂದೇ.

ತೂಕದಲ್ಲಿ ಎರಡಕ್ಕೂ ಒಂದು ಕಿಲೋ ವ್ಯತ್ಯಾಸ. ಏರಿನಲ್ಲಿ ಅದು ತುಸು ತಿಳಿದೀತು. ಸಮತಟ್ಟು ದಾರಿಯಲ್ಲಿ ತಡೆಯುವುದು ಹೆಚ್ಚಾಗಿ ಗಾಳಿ. ವೇಗ ಇಮ್ಮಡಿಯಾದರೆ ಅದರ ತಡೆ ನಾಲ್ಮಡಿ. ಹ್ಯಾಂಡಲ್ ಬಾಗಿರುವುದು ಸವಾರರು ತಗ್ಗಿ ಕೂರಲೆಂದೇ.

ಮೊದಲ ಸೈಕಲ್ಲಿನ ಫ್ರೇಮು ದೊಡ್ಡದು. ‘ಬೆಳೆಯೋ ಹುಡುಗಿ, ಎರಡು ವರ್ಷಕ್ಕ ಸರಿ ಆಗ್ತದ’ ಎಂದರು ಅಪ್ಪ. ಹುಡುಗಿಯರ ಎತ್ತರ ಆ ವಯಸ್ಸಿಗೆ ಬಹುಮಟ್ಟಿಗೆ ನಿಂತಿರುತ್ತದೆ ಎಂಬುದು ಅವರ ಗಮನಕ್ಕೆ ಬರಲಿಲ್ಲ. ಮಗಳು ಸೀಟಿನ ಮೇಲೆ ಕೂತು ಕೈ ಚಾಚಿದಳು.

‘ಅಪ್ಪಾ, ಬ್ರೇಕ್ ನಿಲುಕವಲ್ದು.’

ಅಪ್ಪ ಮಾತಾಡಲಿಲ್ಲ. ಸೊಲ್ಲಾಪುರ ರಸ್ತೆಯ ಲಾರಿಗಳು ಅವರ ಕಣ್ಮುಂದೆ ಹಾದುಹೋದವು.

ಎರಡನೆಯದರಲ್ಲಿ ನೆಲದ ಮೇಲೆ ನಿಂತಾಗ ಮೇಲಿನ ಕೊಳವೆಗೂ ಮೈಗೂ ಎರಡು ಬೆರಳ ಅಂತರ ಉಳಿಯಿತು. ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರ; ಅಂಗಾಲಿನ ಮುಂಭಾಗ ಇಟ್ಟು ತುಳಿದರೆ ಮೊಣಕಾಲು ತುಸು ಬಾಗುತ್ತಿತ್ತು. ಬೆರಳುಗಳು ಬ್ರೇಕನ್ನು ಪೂರ್ತಿ ಹಿಡಿದವು. ಕಡಿಮೆ ಬಿದ್ದದ್ದು 3 ಸಾವಿರ; ಹೆಲ್ಮೆಟ್ಟಿನ ಖರ್ಚು ಬೇರೆ.

ಅಪ್ಪ ಮುಂಗಡ ಕೊಟ್ಟು ಚೀಟಿ ಪಡೆದರು. ಉಳಿದ ಹಣ ಕೂಡಲು ಎರಡು ತಿಂಗಳು ಹಿಡಿಯಿತು. ಅಷ್ಟು ದಿನವೂ ಮಗಳು ಅಣ್ಣನ ಹಳೆಯ ಸೈಕಲ್ಲಿನಲ್ಲೇ ಅಭ್ಯಾಸಕ್ಕೆ ಹೋದಳು, ಎಲ್ಲರಿಗಿಂತ ಹಿಂದೆ.

ಪೋಷಕರು ಬೆಲೆಚೀಟಿ ನೋಡಲಿ, ಬೇಡವೆನ್ನುವವರಾರು? ಅದಕ್ಕೆ ಮೊದಲು ಮಕ್ಕಳನ್ನೊಮ್ಮೆ ಸೈಕಲ್ಲಿನ ಮೇಲೆ ಕೂರಿಸಿ, ಬ್ರೇಕ್ ಹಿಡಿಯಲು ಹೇಳಲಿ.