ಖಂಬಾಟಕಿ ಘಾಟ್, ಮೇ ಬಿಸಿಲು ಮತ್ತು ಹಳೇ ಕಾರು

ಪುಣೆಯಿಂದ ಧಾರವಾಡಕ್ಕೆ 400 ಕಿಲೋಮೀಟರ್‌ಗಿಂತ ತುಸು ಹೆಚ್ಚು. ನಮ್ಮ ಕಡೆಯ ಮಂದಿಗೆ ಈ ಹೆದ್ದಾರಿ ಬಾಯಿಪಾಠ: ಕಾತ್ರಜ್, ಖಂಬಾಟಕಿ, ಸಾತಾರಾ, ಕರಾಡ್, ಕೊಲ್ಹಾಪುರ, ಕಾಗಲ್ ದಾಟಿದರೆ ಕನ್ನಡ ಬೋರ್ಡು. ಊರಿಂದ ಪುಣೆಗೆ ಬರುವಾಗ ಖಂಬಾಟಕಿಯಲ್ಲಿ ಸುರಂಗ ಸಿಗುತ್ತದೆ. ಊರಿಗೆ ಹೋಗುವಾಗ ಮಾತ್ರ ಘಾಟ್ ಹತ್ತಲೇಬೇಕಿತ್ತು.

ಹೋದ ಮೇ ತಿಂಗಳಲ್ಲಿ ಲಾರಿಗಳ ಹಿಂದೆ ಮೊದಲ ಗೇರಿನಲ್ಲಿ ಹತ್ತುತ್ತಿದ್ದಾಗ 2003ರ ನಮ್ಮ ಕಾರು ಜಗ್ಗಿ ಜಗ್ಗಿ ನಿಂತಿತು. ಹಿಂದಿನ ಸೀಟಿನಲ್ಲಿ ಸಕ್ಕರೆ ಕಾಯಿಲೆಯ ಅಪ್ಪ, ಬೆನ್ನಿಗೆ ಹಾರ್ನ್ ಹೊಡೆಯುವ ಕಂಟೇನರ್. ಅಂಚಿಗೆ ತಳ್ಳಿ, ಕಲ್ಲಿಟ್ಟು, ಅಪ್ಪನನ್ನು ಗಿಡದ ನೆರಳಿಗೆ ಕೂಡಿಸಿದೆ. ಟೆಂಪರೇಚರ್ ಮುಳ್ಳು ನಡುವೆಯೇ ಇತ್ತು. ಅಂದರೆ ಎಂಜಿನ್ ಕುದ್ದಿರಲಿಲ್ಲ.

ಅಪ್ಪನೇ ಹೇಳಿದರು: "ಕೀಲಿ ತಿರುವಿದಾಗ ನನ್ನ ಸೀಟಿನ ಕೆಳಗ ದಿನಾ ಗುಂಯ್ ಅಂತಿತ್ತಲ್ಲೋ, ಈಗ ಇಲ್ಲ."

ಆ ಗುಂಯ್ ಸದ್ದು ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪಿನದು. ಕೀಲಿ ಹಾಕಿದೊಡನೆ ಅದು ಒಂದೆರಡು ಸೆಕೆಂಡ್ ಓಡಿ ಪೈಪಿನಲ್ಲಿ ಒತ್ತಡ ತುಂಬುತ್ತದೆ. ಪಂಪ್ ಸದ್ದು ಮಾಡುತ್ತಿದ್ದೂ ಬಿಸಿ ಎಂಜಿನ್ ಹತ್ತದಿದ್ದರೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿರಬಹುದು, ಇಲ್ಲವೇ ಒತ್ತಡ ಸೋರಿರಬಹುದು. ಕ್ರ್ಯಾಂಕ್ ಸೆನ್ಸರ್ ಕೂಡ ಕಾದಾಗ ಕೈಕೊಡುವುದುಂಟು. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ, ವೈರಿಂಗ್ ಅಥವಾ ಪಂಪ್.

ಇಪ್ಪತ್ತೈದು ನಿಮಿಷದ ಮೇಲೆ ಸದ್ದು ಬಂತು, ಕಾರೂ ಹತ್ತಿತು. ಬಯಲಿನಲ್ಲಿ ನಿಪ್ಪಾಣಿವರೆಗೆ ತೊಂದರೆ ಇಲ್ಲ. ಆದರೆ ಮುಂದೆ ತವಂದಿ ಘಾಟ್ ಇತ್ತು. ಅಪ್ಪನನ್ನು ಕೂಡಿಸಿಕೊಂಡು ಅದನ್ನು ಹಾಗೇ ಹತ್ತಲು ಧೈರ್ಯವಾಗಲಿಲ್ಲ.

ನಿಪ್ಪಾಣಿಯ ಮೇಸ್ತ್ರಿ ಬಾನೆಟ್ ತೆಗೆಯುವ ಮೊದಲೇ ಕೇಳಿದ: "ಟಾಕ್ಯಾಗ ಪೆಟ್ರೋಲ್ ಎಷ್ಟ ಐತ್ರಿ, ಸಾಹೇಬ್ರ?"

"ಕಾಲು ಭಾಗ."

"ಹಂಗಾರ ಪಂಪ್ ಕಾದಿರತೈತ್ರಿ. ಆದ್ರೂ ನೋಡಿ ಹೇಳತೀನಿ."

ಪಂಪಿನ ಮೋಟಾರ್ ತಂಪಾಗುವುದು ಸುತ್ತಲಿನ ಪೆಟ್ರೋಲಿನಿಂದಲೇ. ಈ ಹಳೇ ಎಂಜಿನ್‌ಗಳಲ್ಲಿ ಮಿಕ್ಕ ಪೆಟ್ರೋಲ್ ಎಂಜಿನ್ನಿನ ಶಾಖ ಹೊತ್ತು ಟ್ಯಾಂಕಿಗೇ ಮರಳುತ್ತದೆ. ಪೆಟ್ರೋಲ್ ಕಡಿಮೆಯಿದ್ದಷ್ಟೂ ಬೇಗ ಬಿಸಿ. ಸವೆದ ಮೋಟಾರ್ ಆ ಬಿಸಿಗೆ ನಿಂತುಬಿಡುತ್ತದೆ, ಆರಿದ ಮೇಲೆ ಓಡುತ್ತದೆ.

ಮೇಸ್ತ್ರಿ ಅಂದಾಜಿನ ಮೇಲೆ ಪಂಪ್ ಬಿಚ್ಚಲಿಲ್ಲ. ಬಿಸಿಲಿನಲ್ಲೇ ಎ.ಸಿ. ಹಾಕಿ ಕಾರನ್ನು ನಿಂತಲ್ಲೇ ಓಡಿಸಿದ. ಮುಕ್ಕಾಲು ಗಂಟೆಗೆ ಅದು ಮತ್ತೆ ನಿಂತಿತು. ಹಿಂದಿನ ಸೀಟು ಎತ್ತಿ, ಪಂಪಿನ ಕನೆಕ್ಟರಿಗೆ ಟೆಸ್ಟ್ ಲ್ಯಾಂಪ್ ಹಿಡಿದು, ಕೀಲಿ ತಿರುವಲು ಹೇಳಿದ. ದೀಪ ಚೆನ್ನಾಗಿ ಹತ್ತಿತು, ಪಂಪ್ ಮಾತ್ರ ಸುಮ್ಮನಿತ್ತು. ಕರೆಂಟ್ ಬರುತ್ತಿದೆ, ಅರ್ಥಿಂಗ್ ಕೂಡ ಸರಿಯಿದೆ. ಹಾಗಾದರೆ ರಿಲೇ, ಫ್ಯೂಸ್ ನಿರಪರಾಧಿಗಳು. ಹೊಸ ಪಂಪ್ ಕೂಡಿಸಿ ಗೇಜ್ ಹಚ್ಚಿದ: ಸುಮಾರು 3 ಬಾರ್, ಆಫ್ ಮಾಡಿದ ಮೇಲೂ ಇಳಿಯಲಿಲ್ಲ.

ಬೇಸಿಗೆಯಲ್ಲಿ ಹಳೇ ಕಾರಲ್ಲಿ ಊರಿಗೆ ಹೊರಡುವವರು ಟ್ಯಾಂಕು ಅರ್ಧಕ್ಕಿಂತ ಇಳಿಯಲು ಬಿಡಬೇಡಿ. ನಿಮ್ಮ ಕಾರಿನ ಗುಂಯ್ ಸದ್ದನ್ನು ಕಿವಿಗೆ ರೂಢಿ ಮಾಡಿಕೊಳ್ಳಿ. ನಿಂತಾಗ ಮೊದಲು ಜನರನ್ನು ರಸ್ತೆಯಿಂದ ದೂರ ಕೂಡಿಸಿ, ಆಮೇಲೆ ಬಾನೆಟ್ ತೆಗೆಯಿರಿ.

ತವಂದಿ ಘಾಟಿನ ನೆತ್ತಿ ಮುಟ್ಟುವವರೆಗೂ ಅಪ್ಪ ಮಾತಾಡಲಿಲ್ಲ. ಆಮೇಲೆ ಕೇಳಿದರು: "ಸಂಕೇಶ್ವರದಾಗ ಚಾ ಕುಡಿಯೋಣೇನು?"