ತಾಳ ಹಾಕುವ ಕೈ

ರುದ್ರಪಟ್ಟಣಕ್ಕೆ ಸೊಸೆಯಾಗಿ ಬಂದವಳು ನಾನು. ಅರಕಲಗೂಡು ತಾಲ್ಲೂಕಿನ, ಕಾವೇರಿ ದಡದ ಈ ಪುಟ್ಟ ಊರನ್ನು ಹೊರಗಿನವರು ಗುರುತಿಸುವುದು ಸಂಗೀತದಿಂದ. ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಇಲ್ಲೇ. ಆರ್.ಕೆ. ಪದ್ಮನಾಭ ಅವರು ಕಟ್ಟಿಸಿದ ಸಪ್ತಸ್ವರ ದೇವತಾ ಧ್ಯಾನ ಮಂದಿರವಂತೂ ತಂಬೂರಿಯ ಆಕಾರದಲ್ಲೇ ನಿಂತಿದೆ.

ಹಾಡುವವರನ್ನು ಕಂಡರೆ ನನಗೆ ಸಣ್ಣ ಹೊಟ್ಟೆಕಿಚ್ಚು. ಅವರ ಬೆನ್ನಿಗೆ ತಂಬೂರಿ, ಪಕ್ಕದಲ್ಲಿ ಪಿಟೀಲು, ಮೃದಂಗ. ಎದುರಿಗೆ ತೊಡೆ ತಟ್ಟಿ ತಾಳ ಹಾಕುತ್ತಾ ಕೂತ ಹಿರಿಯರು. ಒಂದು ಸಂಗತಿ ಚೆನ್ನಾಗಿ ಬಿದ್ದರೆ ಅಲ್ಲೇ, ಆ ಕ್ಷಣಕ್ಕೇ 'ಭೇಷ್'. ಕಥೆ ಬರೆಯುವವಳಿಗೆ ಎಲ್ಲಿಯ ಭೇಷ್? ಮನೆಯಲ್ಲಿ ಎಲ್ಲರೂ ಆಡುವುದು ಲಿಪಿಯಿಲ್ಲದ ಸಂಕೇತಿ ಮಾತು, ನಾನು ಬರೆಯುವುದು ಕನ್ನಡ. ರಾತ್ರಿ ಪಾತ್ರೆ ತೊಳೆದು ಬಂದು ಬರೆದದ್ದನ್ನು ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದೆ.

ಆಮೇಲೆ ಅರಕಲಗೂಡಿನಲ್ಲಿ ನಾಲ್ಕು ಜನ ಸಿಕ್ಕೆವು. ತಿಂಗಳಿಗೊಂದು ಭಾನುವಾರ, ನಿವೃತ್ತ ಕನ್ನಡ ಮೇಡಂ ಒಬ್ಬರ ಜಗಲಿ. ಹೆಸರಿಲ್ಲ, ಬ್ಯಾನರಿಲ್ಲ. ಒಬ್ಬರು ಓದುವುದು, ಉಳಿದವರು ಕೇಳುವುದು. ನಮ್ಮಲ್ಲೊಬ್ಬಳು ಚಳಿಗಾಲದಲ್ಲಿ ಅವರೆಕಾಯಿ ತಂದು ಸುಲಿಯುತ್ತಾ ಕೂರುತ್ತಾಳೆ. ಅವಳ ಕೈ ನಿಂತಿತು ಎಂದರೆ ಕಥೆ ಹಿಡಿಯಿತು ಎಂದು ಅರ್ಥ. ಕೈ ನಡೆಯುತ್ತಲೇ ಇದ್ದರೆ ಆ ಪುಟ ಮತ್ತೆ ಬರೆಯಬೇಕು. ಇದಕ್ಕಿಂತ ಖಚಿತವಾದ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ. ಮೇಡಂ ಮಾತ್ರ ಎಲ್ಲ ಮುಗಿದ ಮೇಲೆ, "ಅಲ್ಲಮ್ಮಾ, ಆ ಹೆಂಗಸು ಆ ರಾತ್ರಿ ಏನು ಊಟ ಮಾಡಿದಳು?" ಎಂಬಂಥ ಪ್ರಶ್ನೆ ಕೇಳಿ ಬಸ್ಸಿನುದ್ದಕ್ಕೂ ತಲೆ ಕೊರೆಯುವಂತೆ ಮಾಡುತ್ತಿದ್ದರು.

ಧಾರವಾಡದಲ್ಲಿ ಬೇಂದ್ರೆಯವರಿಗೆ ಗೆಳೆಯರ ಗುಂಪಿತ್ತು. ಹಲಸಂಗಿಯಂಥ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಸೇರಿ 1931ರಲ್ಲಿ 'ಗರತಿಯ ಹಾಡು' ತಂದರು. ಹೆಂಗಸರ ಹಾಡು, ಗುಂಪು ಮಾತ್ರ ಗಂಡಸರದು (ಇದನ್ನು ಹೇಳದೆ ಮುಂದೆ ಹೋಗಲಾರೆ). ನಮ್ಮ ಹಾಸನದ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಜಗಲಿಯಲ್ಲಿ ಮೈಸೂರುಪಾಕು ಹಂಚಿದೆವು. ಆದರೆ ನಾವು ಹೆಚ್ಚು ಮಾತಾಡಿದ್ದು ಬಹುಮಾನದ ಬಗ್ಗೆ ಅಲ್ಲ, ಲಂಕೇಶ್ ಪತ್ರಿಕೆ, ಬಂಡಾಯ ಸಂಘಟನೆಗಳ ಬಗ್ಗೆ. ಬೂಕರ್‌ಗೆ ದಶಕಗಳ ಮೊದಲೇ ಅವರ ಜೊತೆಗೆ ಇದ್ದದ್ದು ಅವು.

ಹೋದ ಯುಗಾದಿ ಕಳೆದ ಮೇಲೆ ಮೇಡಂ ಮಂಡಿನೋವು ತಾಳಲಾರದೆ ಬೆಂಗಳೂರಿನ ಮಗನ ಮನೆಗೆ ಹೋದರು. ಜಗಲಿಗೆ ಬೀಗ. ಎರಡು ತಿಂಗಳು ನಾವು ಮೂವರೂ ಒಬ್ಬರಿಗೊಬ್ಬರು ಫೋನೇ ಮಾಡಲಿಲ್ಲ. ನಾನು ಒಂದು ಸಾಲೂ ಬರೆಯಲಿಲ್ಲ. ಕೊನೆಗೆ ಅವರೆಕಾಯಿಯವಳೇ ಮಾಡಿದಳು: "ಈ ಭಾನುವಾರ ನಿಮ್ಮೂರಿಗೇ ಬರ್ತೀವಿ ಕಣೇ, ಹೊಳೆ ಹತ್ರ ಕೂರೋಣ."

ಬಂದರು. ಮೇಡಂ ಫೋನಿನ ಸ್ಪೀಕರಿನಲ್ಲಿ. ನಾನು ಅರ್ಧ ಓದುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಮತ್ತೆ ಸಿಕ್ಕಾಗ ಅವರು ಕೇಳಿದ್ದು ಒಂದೇ, "ಎಲ್ಲಿಗೆ ನಿಲ್ಲಿಸಿದ್ದೆ? ಅಲ್ಲಿಂದ ಓದು."